ಜೇಬಿಗೆ ಭಾರ ತುಂಬಿಕೊಂಡರೆ ತೂಕ ಬಂದೀತೆ?

1995ರ ಜನವರಿ ತಿಂಗಳು. ಫಿಲಿಪ್ಪೀನ್ಸ್ ದೇಶದ ಮಿಂಡೊರೊ ದ್ವೀಪದ ಒಂದು ಸಣ್ಣ ಊರು. ಹದಿನಾರು ವರ್ಷದ ಒಬ್ಬ ಬಡಕಲು ಹುಡುಗ ತೂಕದ ಯಂತ್ರ ಹತ್ತಿ ನಿಂತಿದ್ದಾನೆ. ಹಣಕ್ಕಾಗಿ ಅವನು ಆಡಲಿರುವ ಮೊದಲ ಬಾಕ್ಸಿಂಗ್ ಪಂದ್ಯ ಅದು. ಮೈಯಲ್ಲಿರುವುದು 98 ಪೌಂಡ್. ಅಂದರೆ 45 ಕೆ.ಜಿ.ಗೂ ಕಡಿಮೆ. ಕಣಕ್ಕಿಳಿಯಬೇಕಾದರೆ 105 ದಾಟಬೇಕು. ಹುಡುಗ ಏನು ಮಾಡಿದ ಗೊತ್ತೆ? ಜೇಬುಗಳಿಗೆ ಭಾರ ತುಂಬಿಕೊಂಡು ತೂಕಕ್ಕೆ ನಿಂತ! 106 ಪೌಂಡ್ ಎಂದು ಬರೆದುಕೊಂಡರು. ನಾಲ್ಕು ಸುತ್ತು ಹೊಡೆದಾಡಿ ಗೆದ್ದ. ಜೇಬಿನ ಗುಟ್ಟನ್ನು ಎಷ್ಟೋ ವರ್ಷಗಳ ನಂತರ ಅವನೇ ಹೇಳಿಕೊಂಡ.

ಆ ಹುಡುಗನ ಹೆಸರು ಮ್ಯಾನಿ ಪ್ಯಾಕಿಯೊ. ನೊಣದ ತೂಕ ಎಂದು ಕರೆಸಿಕೊಳ್ಳುವ ಫ್ಲೈವೇಟ್‌ನಿಂದ ಹತ್ತುತ್ತಾ ಹೋಗಿ ಎಂಟು ತೂಕಗಳಲ್ಲಿ ವಿಶ್ವ ಚಾಂಪಿಯನ್ ಆದವನು. ಬಾಕ್ಸಿಂಗ್ ಇತಿಹಾಸದಲ್ಲಿ ಅವನಿಗಿಂತ ಮೊದಲು ಯಾರೂ ಇದನ್ನು ಮಾಡಿರಲಿಲ್ಲ.

ಕನ್ನಡದ ಪತ್ರಿಕೆಯ ಸಂಪಾದಕೀಯದಲ್ಲಿ ಇದೇನಿದು ಬಾಕ್ಸಿಂಗ್ ಪುರಾಣ ಎಂದು ಹುಬ್ಬೇರಿಸಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ. ಇದು ಸಣ್ಣವನು ದೊಡ್ಡವನ ಎದುರು ನಿಲ್ಲುವುದು ಹೇಗೆ ಎಂಬ ಕತೆ. ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ಕತೆ ಇನ್ನಾವುದಿದ್ದೀತು?

ಪ್ಯಾಕಿಯೊ ಹುಟ್ಟಿದ್ದು 1978ರ ಡಿಸೆಂಬರ್ 17ರಂದು, ಮಿಂಡನಾವೊ ದ್ವೀಪದಲ್ಲಿ. ಬೆಳೆದದ್ದು ಅದೇ ದ್ವೀಪದ ಜನರಲ್ ಸಾಂಟೋಸ್ ನಗರದಲ್ಲಿ. ಮನೆಯಲ್ಲಿ ಕಡುಬಡತನ. ಬೀದಿಯಲ್ಲಿ ತಿಂಡಿ ಮಾರಿದ. ಶಾಲೆ ಬಿಟ್ಟ. ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ದೂರದ ರಾಜಧಾನಿ ಮನಿಲಾ ಸೇರಿದ. ಕಟ್ಟಡ ಕೆಲಸದಲ್ಲಿ ಕೂಲಿ ಮಾಡಿದ. ಬಾಕ್ಸಿಂಗ್ ಜಿಮ್ಮಿನಲ್ಲೇ ಮಲಗಿದ. ರಾಯಚೂರಿನಿಂದ, ಕಲಬುರಗಿಯಿಂದ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಮಲಗುವ ನಮ್ಮ ಹುಡುಗರನ್ನು ನೆನೆದುಕೊಳ್ಳಿ. ಚಿತ್ರ ತಾನಾಗಿ ಕಣ್ಣೆದುರಿಗೆ ಬರುತ್ತದೆ.

ಬಾಕ್ಸಿಂಗ್ ಕ್ರೂರವಾದ ಆಟ. ಅದೇ 1995ರಲ್ಲಿ ಅವನ ಗೆಳೆಯ ಯೂಜಿನ್ ಬರೂಟಾಗ್ ಪಂದ್ಯದಲ್ಲಿ ತಿಂದ ಏಟುಗಳಿಂದ ಪ್ರಾಣ ಬಿಟ್ಟ. ಇಂಥ ಆಟದಲ್ಲೂ ಒಂದು ನ್ಯಾಯವಿದೆ. ಅದೇ ತೂಕದ ನ್ಯಾಯ. 50 ಕೆ.ಜಿ.ಯವನ ಎದುರು 90 ಕೆ.ಜಿ.ಯವನನ್ನು ತಂದು ನಿಲ್ಲಿಸಿ 'ಹೊಡೆದಾಡಿ, ಗೆದ್ದವನೇ ಶೂರ' ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಮೊದಲು ತಕ್ಕಡಿ, ಆಮೇಲೆ ಹೊಡೆದಾಟ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಲವು ತೂಕದ ವರ್ಗಗಳಿವೆ. ಕೆಳಗಿನ ವರ್ಗಗಳಲ್ಲಿ ಮೂರು ನಾಲ್ಕು ಪೌಂಡ್ ಹೆಚ್ಚು ಕಡಿಮೆಯಾದರೆ ವರ್ಗವೇ ಬದಲಾಗಿಬಿಡುತ್ತದೆ.

ತಪ್ಪಿದರೆ ಶಿಕ್ಷೆಯೂ ಉಂಟು. 1996ರ ಫೆಬ್ರವರಿಯಲ್ಲಿ ರುಸ್ಟಿಕೊ ಟೊರೆಕಾಂಪೊ ಎಂಬವನ ಎದುರಿನ ಪಂದ್ಯಕ್ಕೆ ಪ್ಯಾಕಿಯೊನ ತೂಕ ನಿಗದಿಗಿಂತ ಹೆಚ್ಚಾಗಿತ್ತು. ಅದಕ್ಕೆ ದಂಡವಾಗಿ ಅವನ ಕೈಗೆ 8 ಔನ್ಸಿನ ಗ್ಲೌಸ್ ತೊಡಿಸಿದರು. ಎದುರಾಳಿಗೆ 6 ಔನ್ಸಿನದು. ಗ್ಲೌಸ್ ದಪ್ಪವಾದಷ್ಟೂ ಏಟಿನ ಬಿಸಿ ಕಡಿಮೆ. ಮೂರನೇ ಸುತ್ತಿನಲ್ಲಿ ಪ್ಯಾಕಿಯೊ ನೆಲಕ್ಕುರುಳಿದ. ವೃತ್ತಿಜೀವನದ ಮೊದಲ ಸೋಲು.

ಆ ಎರಡು ಔನ್ಸಿನ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

1998ರ ಡಿಸೆಂಬರ್ 4. ಥಾಯ್ಲೆಂಡಿನ ಚಾಟ್‌ಚಾಯ್ ಸಾಸಾಕುಲ್ ಫ್ಲೈವೇಟ್ ವಿಶ್ವ ಚಾಂಪಿಯನ್. ಅವನನ್ನು ಅವನ ದೇಶದಲ್ಲೇ, ಅವನ ಜನರ ಎದುರಿಗೇ ಎಂಟನೇ ಸುತ್ತಿನಲ್ಲಿ ಪ್ಯಾಕಿಯೊ ಉರುಳಿಸಿದ. ಇಪ್ಪತ್ತು ತುಂಬಲು ಇನ್ನೂ ಎರಡು ವಾರವಿತ್ತು. ಆದರೆ ಬೆಳೆಯುವ ಹುಡುಗನ ಮೈ 112 ಪೌಂಡಿನೊಳಗೆ ಎಷ್ಟು ದಿನ ನಿಂತೀತು? 1999ರ ಸೆಪ್ಟೆಂಬರಿನಲ್ಲಿ ತೂಕ ಒಂದು ಪೌಂಡ್ ಹೆಚ್ಚಾಗಿ ಪಟ್ಟ ತಕ್ಕಡಿಯ ಮೇಲೆಯೇ ಹೋಯಿತು. ಉಪವಾಸದಿಂದ ಬಳಲಿದ್ದ ಮೈ ಕಣದಲ್ಲಿ ಹೊಟ್ಟೆಗೆ ಬಿದ್ದ ಏಟು ತಾಳದೆ ಕುಸಿಯಿತು.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ಯಾಕಿಯೊ ತೂಕ ಇಳಿಸುವ ಹಟ ಬಿಟ್ಟ. ಬೆಳೆಯುವ ಹಟ ಹಿಡಿದ. ನಡುವಿನ ಎರಡು ವರ್ಗಗಳನ್ನು ಹಾರಿ ನೇರವಾಗಿ 122 ಪೌಂಡಿನ ವರ್ಗಕ್ಕೆ ಹೋದ. 2001ರಲ್ಲಿ ಅಮೆರಿಕಕ್ಕೆ ಹೋಗಿ ಹಾಲಿವುಡ್‌ನಲ್ಲಿ ಫ್ರೆಡ್ಡಿ ರೋಚ್ ನಡೆಸುತ್ತಿದ್ದ ವೈಲ್ಡ್ ಕಾರ್ಡ್ ಜಿಮ್ ಹೊಕ್ಕ. ಆಗ ಅವನ ಬಳಿ ಇದ್ದದ್ದು ಒಂದೇ ಆಯುಧ, ಸಿಡಿಲಿನಂಥ ಎಡಗೈ. ಬಲಗೈ ಇದ್ದೂ ಇಲ್ಲದಂತಿತ್ತು. ಗುರು ರೋಚ್ ಆ ಬಲಗೈಯನ್ನು ವರ್ಷಗಟ್ಟಲೆ ತಿದ್ದಿ ತೀಡಿ ಎರಡನೆಯ ಆಯುಧ ಮಾಡಿದ. ಎಡಗೈ ಹುಟ್ಟಿನಿಂದ ಬಂದದ್ದು. ಬಲಗೈ ಬೆವರಿನಿಂದ ಬಂದದ್ದು.

2001ರ ಜೂನ್ 23. ಲಾಸ್ ವೇಗಸ್. ಆ ರಾತ್ರಿಯ ಮುಖ್ಯ ಪಂದ್ಯ ಮಹಾತಾರೆ ಆಸ್ಕರ್ ಡಿ ಲಾ ಹೋಯಾನದು. ಅದಕ್ಕೂ ಮುಂಚಿನ ಪಂದ್ಯಕ್ಕೆ ಬರಬೇಕಾದವನು ಬರಲಿಲ್ಲವೆಂದು ಎರಡೇ ವಾರ ಮುಂಚೆ ಪ್ಯಾಕಿಯೊನನ್ನು ಕರೆದರು. ಎದುರಿಗೆ ದಕ್ಷಿಣ ಆಫ್ರಿಕಾದ ಚಾಂಪಿಯನ್ ಲೆಹ್ಲೊ ಲೆಡ್ವಾಬಾ. ಆರನೇ ಸುತ್ತಿಗೆ ಪಂದ್ಯ ಮುಗಿಯಿತು. ಎರಡನೇ ವಿಶ್ವಪಟ್ಟ! ಬದಲಿ ಆಳಾಗಿ ಬಂದವನು ಚಾಂಪಿಯನ್ ಆಗಿ ಇಳಿದ.

ಆಮೇಲಿನದು ಮೆಕ್ಸಿಕೋದ ಮಹಾಮಲ್ಲರ ಸರದಿ. 2003ರಲ್ಲಿ ಮಾರ್ಕೊ ಆಂಟೋನಿಯೊ ಬರೇರಾ. 2004ರಲ್ಲಿ ಹುವಾನ್ ಮ್ಯಾನುಯೆಲ್ ಮಾರ್ಕೆಸ್. ಮೊದಲ ಸುತ್ತಿನಲ್ಲೇ ಅವನನ್ನು ಮೂರು ಬಾರಿ ಕೆಡವಿದರೂ ಆತ ಎದ್ದು ಬಂದು ಪಂದ್ಯ ಡ್ರಾ ಮಾಡಿಕೊಂಡ. 2005ರಲ್ಲಿ ಎರಿಕ್ ಮೊರಾಲೆಸ್ ಎದುರು ಸೋಲು. 2006ರಲ್ಲಿ ಅದೇ ಮೊರಾಲೆಸ್‌ನನ್ನು ಎರಡು ಸಲ ನಾಕೌಟ್! ಸೋಲಿಸಿದವನನ್ನೇ ಹುಡುಕಿಕೊಂಡು ಹೋಗಿ ಲೆಕ್ಕ ಚುಕ್ತಾ ಮಾಡುವುದು ಅವನ ಜಾಯಮಾನ.

2008ರ ಡಿಸೆಂಬರ್ 6. ಮತ್ತೆ ಲಾಸ್ ವೇಗಸ್. ಈ ಸಲ ಎದುರಿಗಿದ್ದವನು ಅದೇ ಡಿ ಲಾ ಹೋಯಾ. ಏಳು ವರ್ಷದ ಹಿಂದೆ ಯಾರ ಪಂದ್ಯಕ್ಕೆ ಮುನ್ನ ಜನರನ್ನು ರಂಜಿಸಲು ಕರೆಸಿದ್ದರೋ ಅವನೇ! ಎತ್ತರದಲ್ಲಿ, ತೋಳಿನ ಉದ್ದದಲ್ಲಿ ಡಿ ಲಾ ಹೋಯಾ ಮುಂದು. ಇದು ಅನ್ಯಾಯದ ಜೋಡಿ, ಸಣ್ಣವನಿಗೆ ಅಪಾಯ ಎಂದು ಪಂಡಿತರು ಬರೆದರು. ಎಂಟು ಸುತ್ತು ಮುಗಿದ ಮೇಲೆ ಕುರ್ಚಿಯಿಂದ ಏಳಲಾರದೆ ಕೂತವನು ಡಿ ಲಾ ಹೋಯಾ. ಆ ಪಂದ್ಯದ ನಂತರ ಆತ ಮತ್ತೆ ಕಣಕ್ಕಿಳಿಯಲಿಲ್ಲ.

2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಿಕಿ ಹ್ಯಾಟನ್ ಎರಡೇ ಸುತ್ತಿಗೆ ಅಂಗಾತ. ನವೆಂಬರಿನಲ್ಲಿ ಮಿಗೆಲ್ ಕೊಟ್ಟೊ. 2010ರ ನವೆಂಬರ್ 13ರಂದು ಟೆಕ್ಸಾಸಿನ ಕ್ರೀಡಾಂಗಣದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಎದುರು ಆಂಟೋನಿಯೊ ಮಾರ್ಗರಿಟೊ. ಇದು ಎಂಟನೇ ತೂಕದ ಪಟ್ಟ.

ಈ ಕೊನೆಯ ಪಂದ್ಯದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಆ ರಾತ್ರಿ ಕಣಕ್ಕಿಳಿಯುವಾಗ ಮಾರ್ಗರಿಟೊ 165 ಪೌಂಡ್, ಪ್ಯಾಕಿಯೊ 148. ಹದಿನೇಳು ಪೌಂಡ್ ವ್ಯತ್ಯಾಸ! ಆದರೂ ಹೊಡೆತ ತಿಂದವನು ದೊಡ್ಡವನೇ. ಅವನ ಕಣ್ಣಿನ ಸುತ್ತಲ ಮೂಳೆ ಮುರಿಯಿತು. ಮುಖ ಬಾತು ಗುರುತು ಸಿಗದಂತಾಯಿತು. ಆಗ ಪ್ಯಾಕಿಯೊ ಏನು ಮಾಡಿದ? ಪಂದ್ಯ ನಿಲ್ಲಿಸಬಾರದೆ ಎಂಬಂತೆ ರೆಫರಿಯ ಕಡೆ ನೋಡಿದ. ರೆಫರಿ ನಿಲ್ಲಿಸಲಿಲ್ಲ. ಕೊನೆಯ ಸುತ್ತಿನಲ್ಲಿ ಪ್ಯಾಕಿಯೊ ತಾನಾಗಿಯೇ ಕೈ ಸಡಿಲಿಸಿದ. ಗೆಲುವು ಕೈಗೆ ಬಂದಾಗಿತ್ತು. ಎದುರಿಗಿದ್ದ ಮನುಷ್ಯನ ಕಣ್ಣು ಕಳೆಯುವುದು ಅವನಿಗೆ ಬೇಕಿರಲಿಲ್ಲ.

ಸೋಲೂ ಬಂತು. 2012ರ ಡಿಸೆಂಬರಿನಲ್ಲಿ ನಾಲ್ಕನೇ ಬಾರಿ ಎದುರಾದ ಮಾರ್ಕೆಸ್ ಆರನೇ ಸುತ್ತಿನ ಕೊನೆಯ ಕ್ಷಣದಲ್ಲಿ ಒಂದೇ ಏಟಿಗೆ ಅವನನ್ನು ಮುಖ ಅಡಿಯಾಗಿ ಕೆಡವಿದ. ಅಲುಗಾಡದೆ ಬಿದ್ದಿದ್ದವನನ್ನು ಕಂಡು ಸತ್ತೇ ಹೋದನೇನೋ ಎಂದು ಹೆದರಿದವರುಂಟು. ಮುಂದಿನ ವರ್ಷ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದೇ ತಿಂಗಳು ಮಕಾವುವಿನಲ್ಲಿ ಪ್ಯಾಕಿಯೊ ಮತ್ತೆ ಕಣಕ್ಕಿಳಿದ. ಗೆದ್ದ. ಗೆಲುವನ್ನು ನೊಂದ ಜನಕ್ಕೆ ಅರ್ಪಿಸಿದ. 2015ರಲ್ಲಿ ಮೇವೆದರ್ ಎದುರು ಸೋತ. 2019ರ ಜುಲೈಯಲ್ಲಿ, ನಲವತ್ತನೇ ವಯಸ್ಸಿನಲ್ಲಿ ಕೀತ್ ಥರ್ಮನ್‌ನನ್ನು ಸೋಲಿಸಿ ವೆಲ್ಟರ್‌ವೇಟ್‌ನ ಅತಿ ಹಿರಿಯ ಚಾಂಪಿಯನ್ ಎನಿಸಿದ. 2021ರಲ್ಲಿ ನಿವೃತ್ತಿ. ನಾಲ್ಕು ವರ್ಷದ ಮೇಲೆ, 2025ರ ಜುಲೈಯಲ್ಲಿ ಮತ್ತೆ ಬಂದು ತನಗಿಂತ ಹದಿನಾರು ವರ್ಷ ಚಿಕ್ಕವನಾದ ಚಾಂಪಿಯನ್ ಮಾರಿಯೊ ಬ್ಯಾರಿಯೊಸ್ ಎದುರು ಡ್ರಾ ಮಾಡಿಕೊಂಡ. ನಲವತ್ತಾರರ ವಯಸ್ಸಿನಲ್ಲಿ!

ಇಷ್ಟು ಅವನ ಕತೆ. ಇನ್ನು ನಮ್ಮ ಮಾತು.

ಪ್ಯಾಕಿಯೊನ ತಾಯ್ನುಡಿ ಸೆಬುವಾನೊ. ಫಿಲಿಪ್ಪೀನ್ಸಿನ ಮಧ್ಯ ಮತ್ತು ದಕ್ಷಿಣದ ದ್ವೀಪಗಳಲ್ಲಿ ಕೋಟಿಗಟ್ಟಲೆ ಜನರ ಮನೆಮಾತು. 1960ರ ಜನಗಣತಿಯಲ್ಲಿ ಅದನ್ನಾಡುವವರು ಟಗಾಲೋಗ್ ಆಡುವವರಿಗಿಂತ ಹೆಚ್ಚಿದ್ದರು. ಆದರೆ ರಾಜಧಾನಿ ಮನಿಲಾದ ಸುತ್ತಲ ಭಾಷೆ ಟಗಾಲೋಗ್. 1937ರಲ್ಲೇ ಅದನ್ನು ರಾಷ್ಟ್ರಭಾಷೆಗೆ ತಳಹದಿ ಮಾಡಿಕೊಂಡರು. ಅದಕ್ಕೆ ಮುಂದೆ 'ಫಿಲಿಪಿನೊ' ಎಂಬ ಹೆಸರು ಬಂತು. 1987ರ ಸಂವಿಧಾನದ ಪ್ರಕಾರ ಫಿಲಿಪಿನೊ ಮತ್ತು ಇಂಗ್ಲಿಷ್ ಆಡಳಿತ ಭಾಷೆಗಳು. ಸೆಬುವಾನೊ? ತನ್ನ ಪ್ರದೇಶದಲ್ಲಿ 'ಸಹಾಯಕ ಭಾಷೆ'! ಸ್ವಂತ ಮನೆಯಲ್ಲಿ ಕೈಯಾಳು!

ಎಲ್ಲೋ ಕೇಳಿದಂತಿದೆ ಅಲ್ಲವೆ?

2013ರಲ್ಲಿ ಆ ದೇಶ ಒಂದು ಒಳ್ಳೆಯ ಕಾನೂನು ಮಾಡಿತ್ತು. ಮೂರನೇ ತರಗತಿಯವರೆಗೆ ಮಕ್ಕಳಿಗೆ ತಾಯ್ನುಡಿಯಲ್ಲೇ ಪಾಠ. 2024ರ ಅಕ್ಟೋಬರಿನಲ್ಲಿ ಇನ್ನೊಂದು ಕಾನೂನು ತಂದು ಅದನ್ನು ನಿಲ್ಲಿಸಿದರು. ಮತ್ತೆ ಫಿಲಿಪಿನೊ, ಮತ್ತೆ ಇಂಗ್ಲಿಷ್. ಪ್ಯಾಕಿಯೊನ ಪಂದ್ಯವಿದ್ದರೆ ಬೀದಿ ಬಿಟ್ಟು ಟಿ.ವಿ. ಮುಂದೆ ಕೂರುತ್ತಿದ್ದ ದೇಶ ಅದು. ಅವನು ಗೆದ್ದ ಪಟ್ಟಗಳು ಎಂಟು. ಅವನ ತಾಯಿಯ ಭಾಷೆಗೆ ಒಂದನೇ ತರಗತಿಯ ಬೆಂಚಿನ ಮೇಲೆ ಇದ್ದ ಖಾತ್ರಿಯ ಜಾಗವೂ ಉಳಿಯಲಿಲ್ಲ.

ನಾವೇನು ಬೇರೆಯೆ? ತಾಯ್ನುಡಿಯಲ್ಲೇ ಪ್ರಾಥಮಿಕ ಶಿಕ್ಷಣ ಎಂಬ ಕರ್ನಾಟಕದ ನೀತಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಎಷ್ಟು ಜನ ಕನ್ನಡಿಗರಿಗೆ ಆ ದಿನಾಂಕ ನೆನಪಿದೆ? ಆ ವರ್ಷದ ಐಪಿಎಲ್ ಯಾರು ಗೆದ್ದರೆಂದು ಕೇಳಿ, ತಕ್ಷಣ ಹೇಳುತ್ತಾರೆ!

ಈಗ ಆ ಎರಡು ಔನ್ಸಿನ ಮಾತಿಗೆ ಬರೋಣ. ಐಎಎಸ್ ಆಗಬೇಕೆಂದು ಕೊಪ್ಪಳದ ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿ ಬರುತ್ತಾಳೆ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ? ಹಿಂದಿ, ಇಲ್ಲವೆ ಇಂಗ್ಲಿಷ್. ಮೇನ್ಸ್‌ಗೆ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಸರಿ. ಆದರೆ ಪ್ರಿಲಿಮ್ಸ್ ಎಂಬ ಬಾಗಿಲು ದಾಟಿದರೆ ತಾನೆ ಮೇನ್ಸ್? ಹಿಂದಿ ಮನೆಮಾತಿನ ಹುಡುಗ ತನ್ನ ತಾಯ್ನುಡಿಯಲ್ಲಿ ಪ್ರಶ್ನೆ ಓದುತ್ತಾನೆ. ನಮ್ಮ ಹುಡುಗಿ ಪರಭಾಷೆಯಲ್ಲಿ ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು, ಅರ್ಥ ಮಾಡಿಕೊಂಡು ಉತ್ತರ ಗುರುತಿಸಬೇಕು. ಗಡಿಯಾರ ಇಬ್ಬರಿಗೂ ಒಂದೇ! ಅವನಿಗೆ 6 ಔನ್ಸಿನ ಗ್ಲೌಸ್, ಇವಳಿಗೆ 8 ಔನ್ಸಿನದು. ಪ್ಯಾಕಿಯೊ ಆ ದಿನ ತಪ್ಪು ಮಾಡಿದ್ದ, ಅದಕ್ಕೆ ದಂಡ ತೆತ್ತ. ನಮ್ಮ ಹುಡುಗಿ ಮಾಡಿದ ತಪ್ಪೇನು? ಕನ್ನಡದ ಮನೆಯಲ್ಲಿ ಹುಟ್ಟಿದ್ದೆ?

ಬಾಕ್ಸಿಂಗ್‌ನಂಥ ಕ್ರೂರ ಆಟದಲ್ಲೂ ಇರುವ ತಕ್ಕಡಿ ಈ ದೇಶದ ಭಾಷಾನೀತಿಯಲ್ಲಿ ಇಲ್ಲ. ಆ ತಕ್ಕಡಿಯನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಇದನ್ನು ನಾವು ದಿಲ್ಲಿಯ ಮುಖಕ್ಕೆ ನೇರವಾಗಿ ಹೇಳುತ್ತೇವೆ. ಕರ್ನಾಟಕದಿಂದ ಲೋಕಸಭೆಗೆ ಹೋಗುವ ಇಪ್ಪತ್ತೆಂಟು ಮಂದಿಯ ಮುಖಕ್ಕೂ ಹೇಳುತ್ತೇವೆ.

ಹಾಗೆಂದು ತಪ್ಪೆಲ್ಲ ದಿಲ್ಲಿಯದೇ ಎಂದು ಕೈ ತೊಳೆದುಕೊಳ್ಳುವುದು ಬೇಡ. ನಮ್ಮ ಜೇಬುಗಳನ್ನೂ ಒಮ್ಮೆ ತಡವಿ ನೋಡಿಕೊಳ್ಳೋಣ.

ನವೆಂಬರ್ ಬಂತೆಂದರೆ ಆರ್ಕೆಸ್ಟ್ರಾ, ಬೈಕಿಗೆ ಬಾವುಟ, ಕೊರಳಿಗೆ ಶಾಲು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದು ಹೋರಾಡಿದ ಹುಡುಗರು ಜೈಲಿಗೂ ಹೋದರು. 2024ರಲ್ಲಿ ಕಾನೂನೂ ಬಂತು. ಅದು ಆಗಬೇಕಾದದ್ದೇ, ಆಗಿದ್ದು ಸಂತೋಷ. ಆದರೆ ಬೋರ್ಡಿನ ಕೆಳಗಿನ ಅಂಗಡಿಯೊಳಗೆ ಹೋದ ಕನ್ನಡಿಗ ಯಾವ ಭಾಷೆಯಲ್ಲಿ ಮಾತು ಶುರು ಮಾಡುತ್ತಾನೆ? ಜೈಕಾರ ಹಾಕಿ ಮನೆಗೆ ಹೋದ ಕಟ್ಟಾಳು ಮಗುವಿಗೆ ಯಾವ ಪುಸ್ತಕ ಓದಿಸುತ್ತಾನೆ? ಕಳೆದ ಒಂದು ವರ್ಷದಲ್ಲಿ ಎಷ್ಟು ಕನ್ನಡ ಪುಸ್ತಕ ಕೊಂಡಿದ್ದಾನೆ? ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿ ಪಡೆದಿದ್ದಾನೆಯೆ? ಉತ್ತರ ನಮಗೂ ಗೊತ್ತು, ನಿಮಗೂ ಗೊತ್ತು.

ಶಾಲು, ಬಾವುಟ, ಬೋರ್ಡು ಇವೆಲ್ಲ ಆ ಹದಿನಾರರ ಹುಡುಗನ ಜೇಬಿನ ಭಾರವಿದ್ದಂತೆ. ಮೊದಲ ಸಲ ಕಣದೊಳಗೆ ಬಿಟ್ಟುಕೊಳ್ಳಲು ಅದು ಬೇಕಾದೀತು. ಆದರೆ ಗಂಟೆ ಹೊಡೆದ ಮೇಲೆ ಎದುರಿಗೆ ನಿಲ್ಲುವುದು ಜೇಬಲ್ಲ, ಮೈ! ಪ್ಯಾಕಿಯೊ ಎಂಟು ಪಟ್ಟ ಗೆದ್ದದ್ದು ಜೇಬಿನ ಭಾರದಿಂದಲ್ಲ. ದಿನಾ ಓಡಿ, ಬೆವರು ಸುರಿಸಿ, ಬಾರದ ಬಲಗೈಯನ್ನು ಪಳಗಿಸಿ ಮೈಯಲ್ಲೇ ತೂಕ ಬೆಳೆಸಿಕೊಂಡದ್ದರಿಂದ.

ಅಭಿಮಾನ ನಮ್ಮ ಎಡಗೈ. ಅದು ಹುಟ್ಟಿನಿಂದ ಬಂದಿದೆ, ಬೇಕಾದಷ್ಟಿದೆ. ಬಲಗೈ ಎಲ್ಲಿ? ವಿಜ್ಞಾನವನ್ನು, ಕಾನೂನನ್ನು, ಕಂಪ್ಯೂಟರನ್ನು ಕನ್ನಡದಲ್ಲಿ ಹೇಳುವ ಬಲಗೈ ಎಲ್ಲಿ? ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಕೂತು ಬರೆದರು. ಯಾವ ಸರ್ಕಾರ ಬಂದು ಆಜ್ಞೆ ಮಾಡೀತು ಎಂದು ಕಾಯಲಿಲ್ಲ. ಅದು ಮೈಯ ತೂಕ! ಐಟಿ ಕಂಪನಿಯಲ್ಲಿ ಕೂತಿರುವ ಗೆಳೆಯರೇ, ಮೆಡಿಕಲ್ ಓದುತ್ತಿರುವ ಗೆಳತಿಯರೇ, ನಿಮ್ಮ ವಿದ್ಯೆಯಲ್ಲಿ ಒಂದು ಪಾಲನ್ನು ಕನ್ನಡಕ್ಕೆ ತನ್ನಿ. ಹತ್ತು ಪುಟವಾದರೂ ಸಾಕು.

ಇನ್ನೊಂದು ಮಾತು. ಕೆಲವರಿಗೆ ಕಹಿಯಾದೀತು, ಆಗಲಿ. ಕನ್ನಡದ ಹೆಸರು ಹೇಳಿಕೊಂಡು ಪಾನಿಪೂರಿ ಗಾಡಿಯ ಬಡ ಹುಡುಗನ ಕೆನ್ನೆಗೆ ಹೊಡೆದು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವವರು ಕನ್ನಡದ ಸೈನಿಕರಲ್ಲ. ಆ ಹುಡುಗನಿಗೆ ಕನ್ನಡ ಕಲಿಸಿ, ಕಲಿಯಲೇಬೇಕೆಂದು ಹೇಳಿ. ಆದರೆ ಅವನು ನಮ್ಮ ತೂಕದವನಲ್ಲ. ಮನಿಲಾಕ್ಕೆ ಹೊಟ್ಟೆಪಾಡಿಗೆ ಹೋದ ಪ್ಯಾಕಿಯೊನಂತೆ ಅವನೂ ಊರು ಬಿಟ್ಟು ಬಂದವನು. ನಮ್ಮ ಎದುರಾಳಿ ಕೂತಿರುವುದು ನೀತಿ ಮಾಡುವ ಕುರ್ಚಿಯಲ್ಲಿ, ದಿಲ್ಲಿಯಲ್ಲೂ ವಿಧಾನಸೌಧದಲ್ಲೂ. ಬಿದ್ದವನಿಗೆ ಕೈ ಸಡಿಲಿಸಿದವನೇ ನಿಜವಾದ ಗಂಡುಗಲಿ. ತನಗಿಂತ ಸಣ್ಣವನನ್ನು ಹುಡುಕಿ ಹೊಡೆಯುವವನು ಹೇಡಿ.

ಹಾಗಾದರೆ ಪ್ಯಾಕಿಯೊ ದೇವರೆ? ಅಲ್ಲ. 2010ರಲ್ಲಿ ಸಂಸತ್ತಿಗೆ ಆಯ್ಕೆಯಾದವನು ಸದನಕ್ಕೆ ಹೋದದ್ದಕ್ಕಿಂತ ಗೈರುಹಾಜರಾಗಿ ಸುದ್ದಿಯಾದದ್ದೇ ಹೆಚ್ಚು. 2016ರಲ್ಲಿ ಸಲಿಂಗಿಗಳನ್ನು ಪ್ರಾಣಿಗಳಿಗಿಂತ ಕಡೆ ಎಂಬಂತೆ ಮಾತಾಡಿ ಛೀಮಾರಿ ಹಾಕಿಸಿಕೊಂಡ, ಕ್ಷಮೆ ಕೇಳಿದ. ನೈಕಿ ಕಂಪನಿ ಅವನ ಕೈ ಬಿಟ್ಟಿತು. ಅದೇ ವರ್ಷ ಸೆನೆಟರ್ ಆದ. 2022ರ ಅಧ್ಯಕ್ಷ ಚುನಾವಣೆಯಲ್ಲಿ ಮೂರನೆಯವನಾದ. ಕಣದಲ್ಲಿ ಹುಲಿಯಾದವನು ಎಲ್ಲ ಕಡೆಯೂ ಹುಲಿಯಲ್ಲ. ಬಡವರ ಪರ ಮಾತಾಡಿದವನ ರಾಜಕಾರಣದಲ್ಲಿ ತಾಯ್ನುಡಿ ಎಂದೂ ಮುಖ್ಯ ಪ್ರಶ್ನೆಯಾಗಲಿಲ್ಲ.

ನಮಗೆ 1982ರಲ್ಲಿ ಡಾ. ರಾಜ್‌ಕುಮಾರ್ ಸಿಕ್ಕಿದ್ದರು. ಗೋಕಾಕ್ ಚಳವಳಿಗೆ ಅಣ್ಣಾವ್ರು ಬಂದು ನಿಂತಾಗ ನಾಡಿಗೆ ನಾಡೇ ಎದ್ದು ನಿಂತಿತು. ಅದು ನಮ್ಮ ಪುಣ್ಯ. ಆದರೆ ಆ ಪುಣ್ಯದ ಬಡ್ಡಿಯಲ್ಲೇ ಎಷ್ಟು ವರ್ಷ ಬದುಕೋಣ? ಇನ್ನೊಬ್ಬ ಅಣ್ಣಾವ್ರು ಬರಲಿ ಎಂದು ಕಟೌಟಿಗೆ ಹಾಲು ಸುರಿಯುತ್ತಾ ಕೂತರೆ ಕನ್ನಡ ಉಳಿಯುವುದಿಲ್ಲ. ಒಬ್ಬ ವೀರ ಎಂಟು ಪಟ್ಟ ಗೆಲ್ಲಬಹುದು. ಒಂದು ಭಾಷೆಯನ್ನು ಗೆಲ್ಲಿಸಲು ಅದನ್ನಾಡುವ ಜನವೇ ಕಣಕ್ಕಿಳಿಯಬೇಕು.

ಗೆಳೆಯರೇ, ಮುಂದಿನ ಸಲ ಪರೀಕ್ಷೆಯ ಅರ್ಜಿ ತುಂಬುವಾಗ ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೆ ಕನ್ನಡವನ್ನೇ ಆರಿಸಿ. ಇಲ್ಲದಿದ್ದರೆ ಏಕಿಲ್ಲ ಎಂದು ನಿಮ್ಮ ಸಂಸದನಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ. ಉತ್ತರ ಬಾರದಿದ್ದರೆ ಇನ್ನೊಂದು ಬರೆಯಿರಿ. ಅಕ್ಕಪಕ್ಕದ ಸರ್ಕಾರಿ ಶಾಲೆಗೆ ವಾರಕ್ಕೆ ಒಂದು ಗಂಟೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡಿ. ಇದರಲ್ಲಿ ಜೈಕಾರವಿಲ್ಲ, ಹಾರವಿಲ್ಲ, ಟಿ.ವಿ. ಕ್ಯಾಮೆರಾ ಇಲ್ಲ. ಜಿಮ್ಮಿನ ನೆಲದ ಮೇಲೆ ಮಲಗಿ ಬೆಳಗಿನ ಜಾವ ಎದ್ದು ಓಡುತ್ತಿದ್ದ ಹುಡುಗನಿಗೂ ಅವು ಇರಲಿಲ್ಲ.

ಜೇಬು ಖಾಲಿ ಮಾಡಿ. ಮೈ ಬೆಳೆಸಿ. ಆಮೇಲೆ ತಕ್ಕಡಿ ಹತ್ತೋಣ. ಆಗ ನೋಡೋಣ, ಕನ್ನಡಿಗನ ತೂಕ ಎಷ್ಟೆಂದು!

ಸಿರಿಗನ್ನಡಂ ಗೆಲ್ಗೆ.